ಹಿತ್ತಿಲ ಎಲೆ, ಸ್ಟೀಲಿನ ಲೋಟ: ಕಸ ಉಳಿಯದ ಹಾಗೆ ಮನೆಯಲ್ಲೇ ಬರ್ತ್‌ಡೇ ಪಾರ್ಟಿ ಮಾಡುವುದು ಹೇಗೆ?

ಮಗುವಿನ ಬರ್ತ್‌ಡೇ ಮನೆಯಲ್ಲೇ ಮಾಡಬೇಕು, ಪ್ಲಾಸ್ಟಿಕ್ ಬೇಡ, ತಿಂಡಿಗೆ ಸಾವಯವ ಸಾಮಾನೇ ಇರಲಿ ಅಂತ ಆಸೆ. ಆದರೆ ಎಲ್ಲಿಂದ ಶುರು ಮಾಡುವುದು? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ಹೊಂದುವ ಹಾಗೆ ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ 20 ಮಕ್ಕಳು, 10 ದೊಡ್ಡವರು ಬರುವ ಸಂಜೆಯ ಪಾರ್ಟಿ ಅಂದುಕೊಳ್ಳಿ.

ಮೊದಲೇ ಒಂದು ಮಾತು. ‘ಇಕೋ’ ಎಂದು ಅಚ್ಚು ಹಾಕಿದ ಹೊಸ ಸಾಮಾನು ಕೊಳ್ಳುವುದರಿಂದ ಶುರು ಮಾಡಬೇಡಿ. ಮನೆಯಲ್ಲಿರುವುದು, ಅಕ್ಕಪಕ್ಕದಿಂದ ಎರವಲು ಸಿಗುವುದು, ಹಿತ್ತಿಲಲ್ಲಿ ಬೆಳೆಯುವುದು – ಈ ಮೂರರಿಂದ ಮುಕ್ಕಾಲು ಪಾರ್ಟಿ ಮುಗಿಯುತ್ತದೆ. ಒಂದು ಸಲ ಬಳಸಿ ಬಿಸಾಡುವ ವಸ್ತು ಯಾವುದರಿಂದ ಮಾಡಿದ್ದಾದರೂ ಕೊನೆಗೆ ಎಲ್ಲಿಗಾದರೂ ಹೋಗಲೇಬೇಕು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮನೆಗಳ ಮೇಲೆ, ತೆಂಗು–ಅಡಿಕೆ ತೋಟಗಳ ಮೇಲೆ ಬಂತು. ನಾವು ಗೇಟಿನ ಹೊರಗಿಟ್ಟ ಚೀಲಗಳೇ ಸೇರಿ ಆದ ಗುಡ್ಡ ಅದು. ನಮ್ಮ ಒಂದು ಸಂಜೆಯ ಖುಷಿಗೆ ಇನ್ನೊಬ್ಬರ ತೋಟ ಹೋಗಬಾರದು, ಅಲ್ವಾ?

ಹಂತ 1: ಎರಡು ವಾರ ಮೊದಲು ಜನರ ಲೆಕ್ಕ

ಆಮಂತ್ರಣ ವಾಟ್ಸಾಪ್‌ನಲ್ಲೇ ಕಳಿಸಿ, ಕಾರ್ಡ್ ಬೇಡ. ಅದರಲ್ಲೇ ಮೂರು ವಿಷಯ ಬರೆಯಿರಿ. ಎಷ್ಟು ಜನ ಬರುತ್ತೀರಿ ತಿಳಿಸಿ. ಮಗುವಿಗೆ ನೆಲಕಡಲೆ, ಗೇರುಬೀಜ, ಹಾಲು, ಮೊಟ್ಟೆ – ಯಾವುದಾದರೂ ಆಗುವುದಿಲ್ಲವೇ ಹೇಳಿ. ಉಡುಗೊರೆ ತರುವುದಿದ್ದರೆ ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ.

ಎಷ್ಟು ಜನ ಎಂದು ಮೊದಲೇ ಗೊತ್ತಾಗದಿದ್ದರೆ ಉಳಿದ ಅಡುಗೆಯೇ ದೊಡ್ಡ ಕಸವಾಗುತ್ತದೆ. ನಾಲ್ಕು ದಿನ ಮೊದಲು ಇನ್ನೊಮ್ಮೆ ಕೇಳಿ, ಸಂಕೋಚ ಬೇಡ.

100ಕ್ಕಿಂತ ಜಾಸ್ತಿ ಜನರನ್ನು ಸೇರಿಸುವವರಿಗೆ ಇನ್ನೊಂದು ಕೆಲಸ ಇದೆ. ಸಭಾಂಗಣ ಬಿಟ್ಟು ಬೇರೆ ಕಡೆ ಅಷ್ಟು ದೊಡ್ಡ ಕಾರ್ಯಕ್ರಮ ಮಾಡುವುದಿದ್ದರೆ ಕನಿಷ್ಠ 3 ಕೆಲಸದ ದಿನ ಮೊದಲು ಪಾಲಿಕೆಗೋ ಪಂಚಾಯತಿಗೋ ತಿಳಿಸಬೇಕು, ಕಸವನ್ನು ಬೇರೆ ಬೇರೆ ಮಾಡಿ ಕೊಡಬೇಕು ಎಂದು ಘನತ್ಯಾಜ್ಯ ನಿಯಮಗಳಲ್ಲೇ ಇದೆ.

ಹಂತ 2: ತಟ್ಟೆ, ಲೋಟ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮಾಕೋಲ್, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸ್, ಬ್ಯಾನರ್‌ಗಳಿಗೆ ನಿಷೇಧ ಇದೆ. ಅಂಗಡಿಯಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ತರಬಹುದು ಅಂತ ಅಲ್ಲ.

ಹಾಗಾದರೆ ಪೇಪರ್ ಕಪ್? ನೀರು ಸೋರಬಾರದು ಅಂತ ಅದರ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಬಿಸಿ ಪಾನೀಯ 15 ನಿಮಿಷ ಇದ್ದರೆ 100 ಎಂಎಲ್‌ನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ದೊಡ್ಡವರಿಗೆ ಚಹಾ ಕೊಡುವುದಿದ್ದರೆ ಇದು ನೆನಪಿರಲಿ.

‘ಕಂಪೋಸ್ಟಬಲ್’ ಎಂದರೆ ಗೊಬ್ಬರವಾಗಿ ಕೊಳೆಯುವಂಥದ್ದು. ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಲೋಟ, ಚಮಚಗಳ ಮೇಲೆ ಈ ಮಾತು ಬರೆದಿರುತ್ತದೆ. ಆದರೆ ಅದು ಕೊಳೆಯಲು ಕಾರ್ಖಾನೆ ಮಾದರಿಯ ಗೊಬ್ಬರ ಘಟಕ ಬೇಕು, 58–60 ಡಿಗ್ರಿ ಶಾಖ ಬೇಕು. ನಿಮ್ಮ ತೆಂಗಿನ ಬುಡದಲ್ಲಿ ಹಾಕಿದರೆ ಸುಮ್ನೆ ಹಾಗೇ ಬಿದ್ದಿರುತ್ತದೆ. ದುಡ್ಡು ದಂಡ.

ನನ್ನ ಸಲಹೆ ಹೀಗಿದೆ:

ಲೋಟ, ಚಮಚ ಎಲ್ಲ ಸ್ಟೀಲಿನದೇ ಇರಲಿ. ಶಾಮಿಯಾನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಹತ್ತಿರದ ಭಜನಾ ಮಂದಿರ, ಮಹಿಳಾ ಮಂಡಲ, ಯುವಕ ಮಂಡಲದಲ್ಲೂ ಪಾತ್ರೆಗಳಿರುತ್ತವೆ, ಕೇಳಿ ನೋಡಿ. ಫ್ಲ್ಯಾಟಿನಲ್ಲಿ ಇರುವವರು ನಾಲ್ಕು ಮನೆಯಿಂದ ಹತ್ತತ್ತು ಲೋಟ ತಂದರೂ ಸಾಕು. ಗುರುತಿಗೆ ಬಣ್ಣದ ನೂಲು ಕಟ್ಟಿಕೊಳ್ಳಿ. 30 ಜನರಿಗೆ 40 ಲೋಟ ಇರಲಿ. ಮಕ್ಕಳು ಲೋಟ ಎಲ್ಲಿಟ್ಟೆವು ಅಂತ ಮರೆತು ಹೊಸದು ಕೇಳುತ್ತಾರೆ. ಪ್ರತಿ ಲೋಟಕ್ಕೆ ಹೆಸರು ಬರೆದ ಕಾಗದದ ಚೀಟಿ ಅಂಟಿಸಿದರೆ ತೊಳೆಯುವುದು ಅರ್ಧಕ್ಕರ್ಧ ಕಡಿಮೆ.

ತಟ್ಟೆಗೆ ಬಾಳೆಲೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಎಲೆಯನ್ನು ಹಿಂದಿನ ದಿನ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬಳಸುವ ಮೊದಲು ಎರಡೂ ಕಡೆ ತೊಳೆದು ಒರೆಸಿ. ಮಡಚುವುದಿದ್ದರೆ ಕೆಂಡದ ಮೇಲೋ ಗ್ಯಾಸಿನ ಸಣ್ಣ ಉರಿಯ ಮೇಲೋ ಬಾಡಿಸಿಕೊಳ್ಳಿ, ಇಲ್ಲವಾದರೆ ಸೀಳಿ ಹೋಗುತ್ತದೆ. ಬಾಡಿಸಿದ ತುಂಡನ್ನು ಸ್ಟೀಲ್ ತಟ್ಟೆಯ ಮೇಲೆ ಹಾಸಿ ಬಡಿಸಿದರೆ ತಟ್ಟೆ ತೊಳೆಯುವ ಕಷ್ಟವೂ ಇಲ್ಲ.

ಇನ್ನು ಹಾಳೆತಟ್ಟೆ, ಅಂದರೆ ಅಡಿಕೆಯ ಹಾಳೆಯನ್ನು ಒತ್ತಿ ಮಾಡಿದ ತಟ್ಟೆ. ನಮ್ಮ ಜಿಲ್ಲೆಗಳದ್ದೇ ವಸ್ತು, ಬೇಗ ಮಣ್ಣಾಗುತ್ತದೆ, ಹಾಗಾಗಿ ಎಲ್ಲರೂ ಕಣ್ಣುಮುಚ್ಚಿ ತರುತ್ತಾರೆ. ಆದರೆ ಮೂರು ವಿಷಯ ನೋಡಿಯೇ ತನ್ನಿ. ಒಂದು, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕಪ್ಪು, ಹಸಿರು ಚುಕ್ಕೆ ಇದ್ದರೆ, ಮುಗ್ಗಲು ವಾಸನೆ ಬಂದರೆ ಬೇಡ. ಒರೆಸಿ ಬಿಸಿಲಿಗಿಟ್ಟರೆ ಸರಿಹೋಯಿತು ಅಂದುಕೊಳ್ಳಬೇಡಿ. ಎರಡು, ಕೊಳೆರೋಗ ಬಾರದಂತೆ ಅಡಿಕೆಗೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ (ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಔಷಧಿ) ಸಿಂಪಡಿಸುತ್ತಾರೆ. ಹಾಳೆಯನ್ನು ಚೆನ್ನಾಗಿ ತೊಳೆದು ತಟ್ಟೆ ಒತ್ತಿದ್ದಾರಾ ಅಂತ ಮಾಡುವವರನ್ನೇ ಕೇಳಿ. ಮೂರು, ಅಡಿಕೆಯಲ್ಲಿರುವಂಥ ಅಂಶಗಳು ಹಾಳೆಯಿಂದ ಆಹಾರಕ್ಕೆ ಸೇರಬಹುದು ಎಂಬ ಕಾರಣಕ್ಕೆ ಅಮೆರಿಕದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಡಿಎ 2025ರಲ್ಲಿ ಹಾಳೆತಟ್ಟೆ ಬಳಸಬೇಡಿ ಎಂದು ಅಲ್ಲಿಯ ಅಂಗಡಿ, ಹೋಟೆಲುಗಳಿಗೆ ತಿಳಿಸಿದೆ. ಇದಕ್ಕೆ ಹೆದರಿ ಹಾಳೆತಟ್ಟೆಯನ್ನೇ ದೂರ ಇಡಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಸಣ್ಣ ಮಕ್ಕಳ ಪಾರ್ಟಿಯಲ್ಲಿ ಬಿಸಿ ಸಾರು, ಹುಳಿ ಪದಾರ್ಥ ಅದರಲ್ಲಿ ನೇರ ಬಡಿಸುವುದು ಬೇಡ. ಮೇಲೊಂದು ಬಾಳೆಲೆ ತುಂಡು ಹಾಸಿ, ಅಥವಾ ಒಣ ತಿಂಡಿಗೆ ಮಾತ್ರ ಬಳಸಿ.

ಹಳೇ ಪೇಪರಿನಲ್ಲಿ ತಿಂಡಿ ಕಟ್ಟಿಕೊಡುವುದೂ ತಪ್ಪು. ಅಚ್ಚಿನ ಶಾಯಿ ಎಣ್ಣೆ ತಿಂಡಿಗೆ ಅಂಟುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಇದನ್ನು ನಿಷೇಧಿಸಿದೆ.

ಹಂತ 3: ಅಲಂಕಾರ

ಮಾವಿನೆಲೆ ತೋರಣ, ತೆಂಗಿನ ತಿರಿ, ಗೊಂಡೆ, ಕೇಪಳ, ಅಬ್ಬಲಿಗೆ, ಅಡಿಕೆಯ ಹಿಂಗಾರ – ನಮ್ಮಲ್ಲಿ ಏನು ಕಡಿಮೆ? ತಿರಿ ಅಂದರೆ ತೆಂಗಿನ ಎಳೆಗರಿ. ಭೂತಕೋಲದ ಚಪ್ಪರದಲ್ಲಿ ಅದನ್ನು ಎಷ್ಟು ಚಂದ ಕತ್ತರಿಸುತ್ತಾರೆ ನೋಡಿರುತ್ತೀರಿ. ಊರಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ ಮಕ್ಕಳಿಗೆ ಅವರಿಂದಲೇ ಗಿಳಿ, ಗಿರಗಿಟ್ಲೆ ಮಾಡುವುದನ್ನು ಕಲಿಸಿ. ಅದೇ ಒಂದು ಆಟ. ಉಡುಪಿ ಮಲ್ಲಿಗೆಗೆ ಮದುವೆ ಸೀಸನ್ನಿನಲ್ಲಿ ಬೆಲೆ ಏರುತ್ತದೆ. ಆಗ ಒಂದು ಚೆಂಡು ಮಾತ್ರ ತಂದು ಮಗುವಿಗೆ ಮುಡಿಸಿ. ಗೋಡೆಗೆ ಹಳೇ ಸೀರೆ ಸಾಕು.

ಎಚ್ಚರ ಬೇಕಾದ್ದು ಒಂದು ವಿಷಯದಲ್ಲಿ. ಹಿತ್ತಿಲಲ್ಲಿ ಬೆಳೆದದ್ದೆಲ್ಲ ಸುರಕ್ಷಿತ ಅಲ್ಲ. ಕಣಗಿಲೆಯ ಹೂ, ಎಲೆ, ಕಡ್ಡಿ ಎಲ್ಲವೂ ವಿಷ. ಅದನ್ನು ತಿಂಡಿ ಇಡುವ ಮೇಜಿನ ಹತ್ತಿರವೂ ತರಬೇಡಿ, ಕೇಕಿನ ಮೇಲಂತೂ ಖಂಡಿತ ಬೇಡ. ಉಮ್ಮತ್ತದ ಹೂವೂ ಹಾಗೆಯೇ.

ಬಲೂನ್ ಬೇಕೇ ಬೇಕು ಅಂತ ಮಗು ಹಟ ಹಿಡಿದರೆ? ರಬ್ಬರಿನ ಬಲೂನ್ ನಾಲ್ಕೈದು ಸಾಕು. ಒಡೆದ ಚೂರು ಗಂಟಲಿಗೆ ಸಿಕ್ಕಿ ಉಸಿರು ಕಟ್ಟುವ ಅಪಾಯ ಇದೆ, 8 ವರ್ಷದೊಳಗಿನವರಿಗೆ ಕೊಡುವಾಗ ದೊಡ್ಡವರು ಜೊತೆಗಿರಬೇಕು. ಬೀಚಿನಲ್ಲಿ ಪಾರ್ಟಿ ಮಾಡುವವರು ಬಲೂನನ್ನು ಗಾಳಿಗೆ ಬಿಡಲೇಬಾರದು. ಕುಂದಾಪುರದ ಕೋಡಿ ಕಡಲತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ನೀರಲ್ಲಿ ತೇಲುವ ಬಲೂನ್ ಚೂರನ್ನು ಕಡಲಾಮೆಗಳು ಆಹಾರ ಎಂದು ನುಂಗುತ್ತವೆ.

ನೊರೆ ಸ್ಪ್ರೇ ಬೇಡ. ಹೆಚ್ಚಿನ ಡಬ್ಬಿಗಳಲ್ಲಿ ಬೆಂಕಿ ಹಿಡಿಯುವ ಅನಿಲ ಇರುತ್ತದೆ, ಕೇಕಿನ ಮೇಲೆ ಮೇಣದ ಬತ್ತಿ ಉರಿಯುತ್ತಿರುತ್ತದೆ. ಮಿನುಗುವ ಗ್ಲಿಟರ್ ಹುಡಿ ಎಂದರೆ ಸೂಕ್ಷ್ಮ ಪ್ಲಾಸ್ಟಿಕ್ಕೇ, ಅದೂ ಬೇಡ.

ಹಂತ 4: ಸಾವಯವ ಸಾಮಾನು ಗುರುತಿಸುವುದು

ರಾಸಾಯನಿಕ ಗೊಬ್ಬರ, ಕೀಟನಾಶಕ ಇಲ್ಲದೆ ಬೆಳೆದದ್ದು ಸಾವಯವ. ಪ್ಯಾಕೆಟ್ಟಿನಲ್ಲಿ ಬರುವ ಸಾಮಾನಿನ ಮೇಲೆ ‘ಜೈವಿಕ್ ಭಾರತ್’ ಎಂಬ ಗುರುತು ಹುಡುಕಿ. ಅದರ ಜೊತೆ ‘ಇಂಡಿಯಾ ಆರ್ಗ್ಯಾನಿಕ್’ ಅಥವಾ ‘ಪಿಜಿಎಸ್ ಇಂಡಿಯಾ’ ಗುರುತು ಇರಬಹುದು. ಪಿಜಿಎಸ್ ಎಂದರೆ ರೈತರು ಗುಂಪು ಮಾಡಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ಪರೀಕ್ಷಿಸುವ ವ್ಯವಸ್ಥೆ. ಇದರಲ್ಲಿ ‘ಪಿಜಿಎಸ್ ಗ್ರೀನ್’ ಎಂದಿದ್ದರೆ ತೋಟ ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಎಂದರ್ಥ. ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’ ಎಂದಷ್ಟೇ ಬರೆದಿದ್ದರೆ ಅದು ಸಾವಯವದ ಪ್ರಮಾಣಪತ್ರ ಅಲ್ಲ.

ಸಣ್ಣ ರೈತರು ನೇರವಾಗಿ ನಿಮಗೆ ಮಾರುವಾಗ ಈ ಪ್ರಮಾಣಪತ್ರ ಕಡ್ಡಾಯ ಅಲ್ಲ. ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗದವರು ಭಾನುವಾರದ ಸಂತೆ ನಡೆಸುತ್ತಾ ಬಂದಿದ್ದಾರೆ. ಅಂಥ ಕಡೆ ಬೆಳೆದವರೇ ಎದುರು ಸಿಗುತ್ತಾರೆ. ‘ಹುಳ ಬಂದರೆ ಏನು ಮಾಡುತ್ತೀರಿ?’ ಅಂತ ಕೇಳಿ. ನಿಜವಾಗಿ ಬೆಳೆದವರು ಉತ್ಸಾಹದಿಂದ ಹೇಳುತ್ತಾರೆ. ಬೇಗ ಹೋಗಿ, ಸೊಪ್ಪು ತರಕಾರಿ ಬೆಳಿಗ್ಗೆಯೇ ಖಾಲಿಯಾಗುತ್ತದೆ. ಬೇಕಾದ್ದನ್ನು ಒಂದು ವಾರ ಮೊದಲೇ ಹೇಳಿಡುವುದು ಇನ್ನೂ ಒಳ್ಳೆಯದು.

ತುಂಬಾ ಜನ ಎಡವುವ ಜಾಗ ಇನ್ನೊಂದಿದೆ. ಮಟ್ಟುಗುಳ್ಳಕ್ಕೆ ಜಿಐ ಟ್ಯಾಗ್ ಇದೆ, ಹಾಗಾಗಿ ಅದು ಸಾವಯವ ಅಂದುಕೊಳ್ಳುತ್ತಾರೆ. ಜಿಐ ಎಂದರೆ ಭೌಗೋಳಿಕ ಗುರುತು. ಅದು ಹೇಳುವುದು ಆ ಬದನೆ ಮಟ್ಟುವಿನದ್ದು ಎಂದು ಮಾತ್ರ. ಹೇಗೆ ಬೆಳೆದರು ಎಂಬುದನ್ನು ಬೇರೆಯೇ ಕೇಳಬೇಕು.

ಎಲ್ಲವನ್ನೂ ಸಾವಯವ ತರಲು ಆಗದಿದ್ದರೆ ಬೇಸರ ಬೇಡ. ಸಿಪ್ಪೆ ಸಮೇತ ತಿನ್ನುವ ಹಣ್ಣು, ಹಸಿಯಾಗಿ ತಿನ್ನುವ ಸೊಪ್ಪು–ತರಕಾರಿ, ಬೆಲ್ಲ, ಅಕ್ಕಿ ಇವುಗಳಿಗೆ ಮೊದಲ ಆದ್ಯತೆ ಕೊಡಿ. ತೆಂಗಿನಕಾಯಿ, ಹಲಸು ಊರಿನದ್ದೇ ಆದರೆ ಸಾಕು. ತೀರಾ ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲು ರಾಸಾಯನಿಕ ಹಾಕಿರುವುದುಂಟು. ಕಪ್ಪು ಬೆಲ್ಲ ಅಥವಾ ಓಲೆಬೆಲ್ಲ ತನ್ನಿ. ಕದಳಿ ಬಾಳೆಗೊನೆಯನ್ನು ಒಂದು ವಾರ ಮೊದಲೇ ಕಾಯಿ ಇರುವಾಗ ತಂದು ಮನೆಯಲ್ಲೇ ಹಣ್ಣು ಮಾಡಿ. ಬೇಗ ಹಣ್ಣಾಗಲಿ ಅಂತ ಕಾರ್ಬೈಡ್ ಹಾಕಿದ್ದಾರೋ ಎಂಬ ಚಿಂತೆ ಇರುವುದಿಲ್ಲ.

ಹಂತ 5: ತಿಂಡಿ, ಪಾನೀಯ

ನಾಲ್ಕು ಬಗೆ ಸಾಕು: ಖಾರದ್ದು ಒಂದು, ಬೇಯಿಸಿದ್ದು ಒಂದು, ಹಣ್ಣು, ಮತ್ತೆ ಕೇಕ್. ಹತ್ತು ಬಗೆ ಮಾಡಿದರೆ ಮಕ್ಕಳು ಎಲ್ಲವನ್ನೂ ಕಚ್ಚಿ ಬಿಡುತ್ತಾರೆ, ನೀವು ಅಡುಗೆಮನೆಯಿಂದ ಹೊರಗೆ ಬರುವುದೇ ಇಲ್ಲ.

ಖಾರಕ್ಕೆ ಚರುಮುರಿ. 30 ಜನರಿಗೆ 1 ಕೆಜಿ ಮಂಡಕ್ಕಿ ಬೇಕು. ನೀರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಮಾವಿನಕಾಯಿ, ಸ್ವಲ್ಪ ಮೆಣಸಿನ ಹುಡಿ, ಹಸಿ ತೆಂಗಿನೆಣ್ಣೆ. ಎಲ್ಲವನ್ನೂ ಹೆಚ್ಚಿಟ್ಟುಕೊಂಡು ಐದೈದು ಜನರಿಗೆ ಆಗುವಷ್ಟು ಆಗಾಗ ಕಲಸಿ, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಬಾಡಿಸಿದ ಬಾಳೆಲೆಯನ್ನು ಪೊಟ್ಟಣದ ಹಾಗೆ ಸುತ್ತಿ ಕೊಡಿ. ಸ್ಟೇಪ್ಲರ್ ಪಿನ್ ಹೊಡೆಯಬೇಡಿ. ಅದು ಬಾಯಿಗೆ ಹೋಗಬಹುದು, ಎಲೆ ತಿನ್ನುವ ದನದ ಹೊಟ್ಟೆಗೂ ಹೋಗಬಹುದು. 4 ವರ್ಷದೊಳಗಿನ ಮಕ್ಕಳ ಪಾಲಿಗೆ ಇಡಿ ನೆಲಕಡಲೆ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬೇಯಿಸಿದ್ದು ಯಾವುದು ಎಂಬುದನ್ನು ತಿಂಗಳು ನೋಡಿ ತೀರ್ಮಾನಿಸಿ. ಮೇ, ಜೂನ್‌ನಲ್ಲಿ ಹಲಸಿನ ಹಣ್ಣಿನ ಗಟ್ಟಿ. ತುಳು ತಿಂಗಳುಗಳಾದ ಆಟಿ, ಸೋಣದಲ್ಲಿ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಅರಶಿನ ಎಲೆಯ ಕಡುಬು. ಅಷ್ಟಮಿ, ಚೌತಿ ಹೊತ್ತಿಗೆ ಮೂಡೆಯ ಕೊಟ್ಟೆಗಳು (ಹಿಟ್ಟು ತುಂಬಿ ಬೇಯಿಸಲು ಎಲೆಯಿಂದ ಕಟ್ಟಿದ ಅಚ್ಚುಗಳು) ಮಂಗಳೂರಿನ ಕಾರ್‌ಸ್ಟ್ರೀಟ್‌ನಲ್ಲಿ, ಉಡುಪಿಯ ರಥಬೀದಿಯಲ್ಲಿ ಮಾರಲು ಬರುತ್ತವೆ. ಉಳಿದ ದಿನಗಳಿಗೆ ಹಲಸಿನ ಎಲೆಯ ಕೊಟ್ಟೆ ಇದ್ದೇ ಇದೆ. ಎಲೆಯೇ ಅಚ್ಚು, ಎಲೆಯೇ ತಟ್ಟೆ. ಕೊಟ್ಟೆಗೆ ಚುಚ್ಚಿದ ಹಿಡಿಸೂಡಿ ಕಡ್ಡಿಗಳನ್ನು ಮಾತ್ರ ನೀವೇ ತೆಗೆದು ಮಕ್ಕಳಿಗೆ ಕೊಡಿ. ಪತ್ರೊಡೆ ರುಚಿ, ನಿಜ. ಆದರೆ ಹುಳಿ ಕಡಿಮೆಯಾದರೆ ಅದಕ್ಕೆ ಹಾಕುವ ಕೆಸುವಿನ ಎಲೆಯ ತುರಿಕೆಯಿಂದ ಮೊದಲ ಸಲ ತಿನ್ನುವ ಮಕ್ಕಳು ಅಳುತ್ತಾರೆ. ದೊಡ್ಡವರಿಗಿರಲಿ.

ಸೇಮಿಗೆ–ಕಾಯಿಹಾಲು ಮಾಡುವುದಿದ್ದರೆ ಕಾಯಿಹಾಲನ್ನು ಜನ ಬರುವ ಹೊತ್ತಿಗೇ ತೆಗೆಯಿರಿ. ನಮ್ಮ ಸೆಕೆಗೆ ಅದೂ ಚಟ್ನಿಯೂ ಎರಡು ಮೂರು ಗಂಟೆಯಲ್ಲಿ ಹುಳಿ ಬರುತ್ತವೆ.

ಕುಡಿಯಲು ಪುನರ್ಪುಳಿ (ಕೋಕಂ) ಶರಬತ್ತು. ತಲೆಗೆ 150 ಎಂಎಲ್‌ನ ಎರಡು ಲೋಟದಂತೆ 9 ಲೀಟರ್ ಬೇಕು. ಒಣ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಬೆಲ್ಲ ಹಾಕಿ ಕುದಿಸಿ ದಪ್ಪ ಪಾಕ ಮಾಡಿಟ್ಟುಕೊಂಡರೆ ಆಮೇಲೆ ನೀರು ಬೆರೆಸುವುದಷ್ಟೇ ಕೆಲಸ. ಇಲ್ಲೊಂದು ಮುಖ್ಯ ಎಚ್ಚರಿಕೆ. ಚಂದ ಕಾಣುತ್ತದೆ ಅಂತ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಪುನರ್ಪುಳಿ, ಲಿಂಬೆ ಶರಬತ್ತು, ಮಜ್ಜಿಗೆ ಯಾವುದನ್ನೂ ಇಡಬೇಡಿ. ಹುಳಿಗೆ ಲೋಹ ಕರಗಿ ವಾಂತಿ, ಹೊಟ್ಟೆನೋವು ಬರುತ್ತದೆ. ಅಲ್ಯುಮಿನಿಯಂ ಕೂಡ ಬೇಡ. ಸ್ಟೀಲ್, ಗಾಜು, ಪಿಂಗಾಣಿ, ಮಣ್ಣಿನ ಹೂಜಿ ಸರಿ. ನೀರಿಗೆ ಸಣ್ಣ ಬಾಟಲಿ ತರಬೇಡಿ. ಕುದಿಸಿ ಆರಿಸಿದ ನೀರನ್ನು ನಲ್ಲಿ ಇರುವ ಸ್ಟೀಲ್ ಡ್ರಮ್ಮಿನಲ್ಲಿ ತುಂಬಿಡಿ.

ಹಂತ 6: ಕೇಕ್

ಗಾಢ ಬಣ್ಣದ ಕೇಕ್ ಆರ್ಡರ್ ಮಾಡುವ ಮೊದಲು ಯೋಚಿಸಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ರೋಡಮೈನ್–ಬಿ ಎಂಬ ಬಣ್ಣವನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ ನಿಷೇಧಿಸಿತು. ರೋಡಮೈನ್–ಬಿ ಬಟ್ಟೆಗೆ ಹಾಕುವ ಬಣ್ಣ, ಆಹಾರದ್ದೇ ಅಲ್ಲ.

ಮನೆಯಲ್ಲಿ ಮಾಡುವುದಾದರೆ ಬಣ್ಣವನ್ನು ಕ್ರೀಮಿಗೆ ಮಾತ್ರ ಹಾಕಿ. ಬೀಟ್‌ರೂಟ್ ರಸದಿಂದ ಗುಲಾಬಿ, ಬಸಳೆಯ ಹಣ್ಣಿನಿಂದ ನೇರಳೆ. ಬೀಟ್‌ರೂಟನ್ನು ಹಿಟ್ಟಿಗೆ ಹಾಕಿ ಬೇಯಿಸಿದರೆ ಕಂದಾಗುತ್ತದೆ. ಸೋಡಾ ಇರುವ ಹಿಟ್ಟಿಗೆ ಅರಶಿನ ಹಾಕಿದರೆ ಕೆಂಪಾಗುತ್ತದೆ. ಹೊರಗೆ ಆರ್ಡರ್ ಕೊಡುವುದಾದರೆ ಬಣ್ಣ ಬೇಡ, ಬೆಳ್ಳಿ ಗುಂಡು ಬೇಡ, ಮಿನುಗು ಹುಡಿ ಬೇಡ ಎಂದು ಸ್ಪಷ್ಟವಾಗಿ ಹೇಳಿ. ಮಿನುಗು ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದಿದ್ದರೆ ತಿನ್ನಬಹುದು ಎಂದರ್ಥ ಅಲ್ಲ. ‘ಎಡಿಬಲ್’ ಎಂದು ಬರೆದು, ಏನೇನು ಹಾಕಿದ್ದಾರೆ ಎಂಬ ಪಟ್ಟಿಯೂ ಇರಬೇಕು. ಒಯ್ದ ಡಬ್ಬಿಯಲ್ಲೇ ಕೇಕ್ ಇಟ್ಟುಕೊಡಿ ಅಂದರೆ ಹೆಚ್ಚಿನ ಬೇಕರಿಯವರು ಒಪ್ಪುತ್ತಾರೆ. 1 ವರ್ಷದೊಳಗಿನ ಮಗು ಬಂದಿದ್ದರೆ ಅದಕ್ಕೆ ಜೇನು ಹಾಕಿದ ಏನನ್ನೂ ಕೊಡಬೇಡಿ.

ಹಂತ 7: ಆಟ, ಉಡುಗೊರೆ

ಅಂಗಳ ಇದ್ದರೆ ಲಗೋರಿ, ಇಲ್ಲದಿದ್ದರೆ ಚೆನ್ನೆಮಣೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಹುಣಸೆ ಬೀಜ ಒಳ್ಳೆಯದು. ಚಂದ ಕಾಣುತ್ತದೆಂದು ಗುಲಗಂಜಿ ತರಬೇಡಿ. ಅದರ ಬೀಜ ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ತೀರಾ ಸಣ್ಣ ಮಕ್ಕಳ ಕೈಗೆ ಯಾವ ಬೀಜವೂ ಸಿಗಬಾರದು.

ಬಂದವರಿಗೆ ಕೊಡಲು ಬಸಳೆ, ಅಲಸಂಡೆ, ಬೆಂಡೆ ಬೀಜದ ಪೊಟ್ಟಣ, ಹಳೇ ಬಟ್ಟೆಯಲ್ಲಿ ಹೊಲಿದ ಚೀಲ, ಒಂದು ಕಥೆ ಪುಸ್ತಕ. ಗಿಡ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಜಾಗ ಇದೆಯೇ ಎಂದು ಕೇಳದೆ ಫ್ಲ್ಯಾಟಿನವರಿಗೆ ಮಾವಿನ ಗಿಡ ಕೊಟ್ಟರೆ ಅದು ಬಾಲ್ಕನಿಯಲ್ಲಿ ಒಣಗುತ್ತದೆ.

ಹಂತ 8: ಮುಗಿದ ಮೇಲೆ

ಮೂರು ಬುಟ್ಟಿಗಳನ್ನು ಪಾರ್ಟಿ ಶುರುವಾಗುವ ಮೊದಲೇ ಕಣ್ಣಿಗೆ ಕಾಣುವಲ್ಲಿ ಇಡಿ: ಹಸಿ ಕಸ, ಒಣ ಕಸ, ತೊಳೆಯುವ ಲೋಟ. ಅಕ್ಷರದ ಬದಲು ಚಿತ್ರ ಬರೆದು ಅಂಟಿಸಿ. ಬರ್ತ್‌ಡೇ ಮಗುವನ್ನೇ ಬುಟ್ಟಿಯ ಯಜಮಾನ ಮಾಡಿದರೆ ಉಳಿದವರು ಮಾತು ಕೇಳುತ್ತಾರೆ.

ಉಳಿದ ತಿಂಡಿಯನ್ನು ಅದೇ ರಾತ್ರಿ ನೆರೆಮನೆಗಳಿಗೆ ಕೊಡಿ. ಕಾಯಿಹಾಲು ಹಾಕಿದ್ದನ್ನು ಮಾತ್ರ ಕೊಡಬೇಡಿ. ಬಾಳೆಲೆ, ಹೂ, ತೋರಣ ತೆಂಗಿನ ಬುಡಕ್ಕೆ. ತೋರಣದ ದಾರ ಪ್ಲಾಸ್ಟಿಕ್ಕಿನದ್ದಾಗಿದ್ದರೆ ಮೊದಲು ತೆಗೆಯಿರಿ, ಬಾಳೆನಾರಲ್ಲಿ ಕಟ್ಟಿದ್ದರೆ ಆ ತೊಂದರೆ ಇಲ್ಲ. ಹಾಳೆತಟ್ಟೆಯನ್ನು ಮುರಿದು ಹಾಕಿದರೆ ಬೇಗ ಕೊಳೆಯುತ್ತದೆ. ಫ್ಲ್ಯಾಟಿನವರು ಇವನ್ನೆಲ್ಲ ಹಸಿ ಕಸದ ಜೊತೆ ಪಾಲಿಕೆಯ ಗಾಡಿಗೆ ಕೊಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಬೇಡಿ.

ಬೊಂಡ (ಎಳನೀರು) ಕೊಟ್ಟಿದ್ದರೆ ಚಿಪ್ಪುಗಳನ್ನು ರಾಶಿ ಹಾಕಿ ಮರೆಯಬೇಡಿ. ಒಂದು ಮಳೆ ಬಂದರೆ ಪ್ರತಿ ಚಿಪ್ಪಿನಲ್ಲೂ ನೀರು ನಿಂತು ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ, ಮಲೇರಿಯಾ ನಮ್ಮ ಊರಿಗೆ ಹೊಸದಲ್ಲ. ಅದೇ ದಿನ ಎರಡು ಹೋಳು ಮಾಡಿ, ಬೋರಲು ಹಾಕಿ ಒಣಗಿಸಿ. ಬಚ್ಚಲ ಒಲೆ ಇದ್ದವರಿಗೆ ಹಂಡೆಗೆ ಉರಿಸಲು ಆಗುತ್ತದೆ, ಇಲ್ಲದವರು ಕತ್ತಿಯಿಂದ ಸಣ್ಣ ಚೂರು ಮಾಡಿ ಗಿಡಗಳ ಬುಡಕ್ಕೆ ಹಾಸಿ.